ಸದ್ದಿಲ್ಲದ ಗ್ಯಾಲರಿ

"ಹೊಸ ಗ್ಯಾಲರಿ ಹೇಗಿದೆಯಮ್ಮ?" ಪಂದ್ಯ ನಡೆಯುತ್ತಿದ್ದಾಗಲೇ ಕ್ಲಬ್ಬಿನ ಕಡೆಯವನು ಬಂದು ಕೇಳಿದ.

"ಚೆನ್ನಾಗೈತೆ. ಸೀಟು ಮೆತ್ತಗೈತೆ, ನಲ್ಲೀಲಿ ನೀರು ಬತ್ತದೆ. ಇನ್ನೇನು ಬೇಕು?" ಎಂದಳು ತಂಡದ ಹಳದಿ ಶಾಲು ಹೊದ್ದಿದ್ದ ಹೆಂಗಸು.

"ಮತ್ತೆ ಗೋಲ್ ಆದರೂ ಇಲ್ಲಿ ಯಾರೂ ಏಳೋದೇ ಇಲ್ಲವಲ್ಲ! ಉಳಿದ ಕಡೆ ಕಿವಿ ಗಡಚಿಕ್ಕೋ ಹಾಗೆ ಕೂಗ್ತಾರೆ. ನೀವು ಸಾವಿನ ಮನೇಲಿ ಕೂತ ಹಾಗೆ ಕೂತಿರ್ತೀರಿ. ಇದನ್ನ ಒಡೆಸಿ ದೊಡ್ಡವರಿಗೆ ಎ.ಸಿ. ರೂಮು ಕಟ್ಟಿಸೋಣ ಅಂತಿದ್ದಾರೆ ನಮ್ಮ ಮಾಲೀಕರು."

ಅವಳು ಅವನ ತೋಳು ಹಿಡಿದುಕೊಂಡಳು.

"ಬ್ಯಾಡ ಕಣಪ್ಪ, ಒಡೆಸಬ್ಯಾಡಿ. ಮೊದಲು ಇಲ್ಲಿ ಮರದ ಗ್ಯಾಲರಿ ಇತ್ತು. ಗೋಲ್ ಆದ್ರೆ ಎಲ್ಲಾರೂ ಎದ್ದು ಹಲಗೆ ಮ್ಯಾಲೆ ಕುಣಿಯೋರು. ಫೈನಲ್ ದಿನ ಹಂಗೇ ಕುಣೀವಾಗ ಕುಸುದ್ಹೋಯ್ತು. ನಮ್ಮೆಜಮಾನ್ರೂ, ಇಲ್ಲಿ ಕೂತಿರೋ ಎಲ್ಲಾರ ಮನೆಯೋರೂ ಅದ್ರಲ್ಲೇ ಹೋದ್ರು."

ಅವನ ದನಿ ಮೆತ್ತಗಾಯಿತು. "ಆ ಭಯಕ್ಕೆ ಕೂತಿರ್ತೀರಾ? ಇದು ಕಾಂಕ್ರೀಟಮ್ಮ. ಆನೆ ಕುಣಿದರೂ ಬೀಳಲ್ಲ."

"ಭಯಕ್ಕಲ್ಲಪ್ಪ. ನಾವು ಕುಣಿದ್ರೆ ಗೊತ್ತಾಗಲ್ಲ, ಅದಕ್ಕೆ."

"ಏನು ಗೊತ್ತಾಗಲ್ಲ?"

ಅಷ್ಟರಲ್ಲಿ ಗೋಲ್ ಆಯಿತು. ಮೈದಾನದ ಆಚೆ ಬದಿಯಲ್ಲಿ ಜನ ಹುಚ್ಚೆದ್ದು ಕೂಗಿದರು. ಇಲ್ಲಿ ಸಾಲುಸಾಲಾಗಿ ಎಲ್ಲರೂ ಚಪ್ಪಲಿ ಕಳಚಿ ಬರಿಗಾಲನ್ನು ನೆಲಕ್ಕೊತ್ತಿ ಕೂತರು.

"ನೀನೂ ಬೂಟು ಬಿಚ್ಚಪ್ಪ" ಎಂದಳು ಅವಳು.

ಅವನು ಬಿಚ್ಚಿ ಕಾಲೂರಿದ. ಅವನ ಅಂಗಾಲಿನ ಕೆಳಗೆ, ಕಾಂಕ್ರೀಟಿನ ಅಡಿಯಲ್ಲಿ, ನೂರಾರು ಕಾಲುಗಳು ಮರದ ಹಲಗೆಯ ಮೇಲೆ ಕುಣಿಯುತ್ತಿದ್ದವು.