ಅತ್ತೆ ಆಡಲು ಕೂತರು

“ಚೆನ್ನಾಗಿದೆ ರೀ ನಿಮ್ಮ ಆಟ!” ಹಲ್ಲಿನ ಡಾಕ್ಟರಮ್ಮ ಆಟ ಗೆದ್ದು, ಇಷ್ಟು ಹೇಳಿ ಎದ್ದು ಹೊರಟೇಬಿಟ್ಟರು. ಬೆಳಗ್ಗಿನಿಂದ ಹೀಗೆ ಗೆದ್ದು, ಹೊಗಳಿ ಹೋದವರು ಹನ್ನೊಂದು ಜನ. ಆಟದ ಡಬ್ಬಿ ಬೇಕೆಂದು ಮುಂಗಡ ಕೊಟ್ಟವರು ಒಬ್ಬರೂ ಇಲ್ಲ.

ಆಟದ ಹೆಸರು ‘ಮುಂದೆ ಜಾಗ ಇದೆ’. ಬೋರ್ಡಿನ ಮೇಲಿನ ತುಂಬಿದ ಬಸ್ಸಿಗೆ ಪ್ರಯಾಣಿಕರ ಕಾಯಿಗಳನ್ನು ಹಿಂದಿನ ಬಾಗಿಲಲ್ಲಿ ಹತ್ತಿಸಿ, ನುಸುಳಿಸಿ, ಅವರವರ ಸ್ಟಾಪಿನಲ್ಲಿ ಮುಂದಿನ ಬಾಗಿಲಿಂದ ಇಳಿಸಬೇಕು. ಹದಿನೆಂಟು ವರ್ಷ ಬಸ್ಸಿನಲ್ಲಿ ಗಂಟಲು ಹರಿದುಕೊಂಡ ಕಂಡಕ್ಟರ್ ಎರಡು ವರ್ಷ ಕೂತು ಮಾಡಿದ ಆಟ. ಜನರಿಂದಲೇ ಹಣ ಕೂಡಿಸುವ ವೆಬ್‌ಸೈಟಿಗೆ ಹಾಕಿದ್ದ. ಐನೂರು ಜನ ಮುಂಗಡ ಕೊಟ್ಟರೆ ಅಚ್ಚಾಗುತ್ತದೆ. ಒಬ್ಬರು ಕಡಿಮೆಯಾದರೂ ಎಲ್ಲರ ಹಣ ವಾಪಸ್ಸು, ಆಟ ಅಟ್ಟಕ್ಕೆ. ಇವತ್ತು ಸಂಜೆ ಐದಕ್ಕೆ ಗಡುವು. ಲೈಬ್ರರಿಯ ಹಾಲಿನಲ್ಲಿ ಮೇಜು ಹಾಕಿಕೊಂಡು ಕೂತವನಿಗೆ ಇನ್ನೂ ಇಪ್ಪತ್ತೇಳು ಜನ ಬೇಕಿತ್ತು.

ಮಧ್ಯಾಹ್ನ ಊಟ ತಂದ ಅತ್ತೆ ಎರಡು ಆಟ ಸುಮ್ಮನೆ ನಿಂತು ನೋಡಿದರು. ಮೂವತ್ತು ವರ್ಷ ಟೈಲರ್ ಅಂಗಡಿ ನಡೆಸಿದ ಕಣ್ಣು ಅದು. ಒಂದು ಹೊಲಿಗೆ ತಪ್ಪಿದರೂ ಬಿಡದು.

“ಅಳಿಯಂದ್ರೇ, ಬೇಕಂತ್ಲೇ ಸೋಲ್ತಾ ಇದೀರಲ್ವಾ?”

“ಬಂದವರಿಗೆ ಖುಷಿಯಾಗ್ಲಿ ಅಂತ ಅತ್ತೆ. ಖುಷಿಯಾದ್ರೆ ತಗೋತಾರೆ.”

“ಗೆದ್ದವರು ಮನೆಗೆ ಹೋಗಿ ನಿದ್ದೆ ಮಾಡ್ತಾರೆ. ನಿದ್ದೆ ಬರದೆ ಒದ್ದಾಡೋರು ಸೋತವರು. ಏಳಿ ಮೇಲೆ.”

ಎರಡು ವರ್ಷ ಮನೆಯಲ್ಲಿ ಅಳಿಯನ ಜೊತೆ ಇದೇ ಆಟ ಆಡಿ ಪಳಗಿದ್ದ ಅತ್ತೆ ಕನ್ನಡಕ ಏರಿಸಿ ಕೂತರು. ಮೊದಲು ಸಿಕ್ಕವರು ಒಬ್ಬ ವಕೀಲರು. ಹತ್ತೇ ನಿಮಿಷದಲ್ಲಿ ಅವರಿಗೆ ಮಣ್ಣು ಮುಕ್ಕಿಸಿದ್ದಲ್ಲದೆ, “ಕೋರ್ಟಲ್ಲೂ ಹೀಗೇನಾ ಸಾರ್?” ಎಂದು ಬೇರೆ ಕೇಳಿದರು. ಕಂಡಕ್ಟರ್ ಕ್ಷಮೆ ಕೇಳಲು ಓಡಿ ಬಂದ.

“ಇನ್ನೊಂದು ಆಟ!” ಎಂದರು ವಕೀಲರು, ಮುಖ ಕೆಂಪಗೆ ಮಾಡಿಕೊಂಡು. ಮತ್ತೆ ಸೋತರು. ಸೀದಾ ಫೋನು ತೆಗೆದು ಒಂದು ಡಬ್ಬಿಗೆ ಮುಂಗಡ ಕಟ್ಟಿದರು. “ಮನೇಲಿ ಅಭ್ಯಾಸ ಮಾಡ್ಕೊಂಡು ಬರ್ತೀನಿ. ಆಗ ನೋಡ್ಕೋತೀನಿ ನಿಮ್ಮನ್ನ.” ಅಷ್ಟಕ್ಕೇ ಬಿಡದೆ, ತಮ್ಮ ಕಚೇರಿಯವರನ್ನೆಲ್ಲ ಫೋನು ಮಾಡಿ ಕರೆಸಿದರು. ಬಂದವರೂ ಸಾಲಾಗಿ ಸೋತರು, ಹಲ್ಲು ಕಡಿಯುತ್ತಾ ಮುಂಗಡ ಕಟ್ಟಿದರು. ನಾಲ್ಕರ ಹೊತ್ತಿಗೆ ಸುದ್ದಿ ಕೇಳಿ ಡಾಕ್ಟರಮ್ಮನೂ ಹಾಜರು.

“ನಾನು ಬೆಳಗ್ಗೆ ಗೆದ್ದಿದ್ದೆ, ಗೊತ್ತಾ?”

“ಅಳಿಯಂದ್ರ ಹತ್ರ ತಾನೇ? ಕೂತ್ಕೊಳಿ.”

ಐದಕ್ಕೆ ಇನ್ನೂ ಎಂಟು ನಿಮಿಷವಿರುವಾಗ ಫೋನಿನ ಪರದೆಯಲ್ಲಿ ಐನೂರು ಬಿತ್ತು. ಕಂಡಕ್ಟರ್ ಎರಡೆರಡು ಸಲ ಕಣ್ಣುಜ್ಜಿಕೊಂಡ. ಆಮೇಲೆ ಬಸ್ಸಿನಲ್ಲಿ ಕೂಗುವ ಹಾಗೆ ಕೂಗಿಬಿಟ್ಟ.

“ಅಚ್ಚಾಗುತ್ತೆ! ನಮ್ಮ ಆಟ ಅಚ್ಚಾಗುತ್ತೆ!”

ಮೇಜಿನ ಸುತ್ತ ಮುತ್ತಿಕೊಂಡಿದ್ದವರಲ್ಲಿ ಒಂದು ತಲೆಯೂ ಮೇಲೇಳಲಿಲ್ಲ.

“ಶ್! ಯಾರ್ರೀ ಅದು?” ಡಾಕ್ಟರಮ್ಮ ಬೋರ್ಡಿನಿಂದ ಕಣ್ಣು ಕೀಳದೆ ಗದರಿದರು. “ಗಲಾಟೆ ಮಾಡೋದಾದ್ರೆ ಹೊರಗೆ ಹೋಗಿ. ಇಲ್ಲಿ ಆಟ ನಡೀತಾ ಇದೆ.”

ಕಂಡಕ್ಟರ್ ತುದಿಗಾಲಲ್ಲಿ ಹೊರಗೆ ಹೋಗಿ, ಬಾಗಿಲು ಮೆಲ್ಲಗೆ ಎಳೆದುಕೊಂಡು, ಖಾಲಿ ವರಾಂಡದಲ್ಲಿ ಒಬ್ಬನೇ ಕುಣಿದ.