ಜರಿಗಿಡ ತಿರುಗಿದ ದಿಕ್ಕು

೨೦೬೧ರ ನವೆಂಬರ್ ೧೭, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹಕ್ಕಿಗಳನ್ನು ಎಣಿಸಲು ಬಿಳಿಗಿರಿಯ ಕಾಡು ಹೊಕ್ಕ ಶಾಲ್ಮಲಿ ಕಾಣೆಯಾಗಿ ಐದು ದಿನವಾಗಿತ್ತು. ಅವಳನ್ನು ಹುಡುಕುತ್ತ ಕಾಡಿಗೆ ಬಂದಿದ್ದ ತಾಯಿ ಪಂಕಜಾಕ್ಷಿ ತಡೆಯಲಾರದೆ, ಮೂವತ್ತೆರಡರ ಮಗಳನ್ನು "ಶಾಲೂ!" ಎಂದು ಗಂಟಲು ಹರಿಯುವಂತೆ ಕೂಗಿದರು. ಸುತ್ತಲಿನ ಜರಿಗಿಡಗಳೆಲ್ಲ ತಟ್ಟನೆ ಅವರ ಕಡೆಗೇ ಬಾಗಿದವು.

"ಕೆಡಿಸ್ಬುಟ್ರಲ್ಲವ್ವಾ!" ಅರಣ್ಯದ ಕಾವಲುಗಾರ್ತಿ ಕೇತಮ್ಮ ಗಿಡದ ಬಾಗು ಅಳೆಯುತ್ತಿದ್ದ ಕೋನಮಾಪಕವನ್ನು ಕೆಳಗಿಳಿಸಿ ಗದರಿದಳು. "ಗಿಡ ಮನುಷ್ಯರ ಉಸಿರಿನ್ ಕಡೀಕೆ ತಿರುಗ್ತದೆ ಅನ್ನೋದು ಗೊತ್ತಿಲ್ವಾ? ನೀವು ಕೂಗುದ್ರೆ ನಿಮ್ಮನ್ನೇ ಹುಡುಕ್ಕೊಡ್ತದೆ ಅಷ್ಟೆ."

ಗೊತ್ತಿಲ್ಲದೆ ಏನು? ಮಗಳ ಮಂಚದತ್ತ ವಾಲುವ ದಾಸವಾಳದ ಕುಂಡವನ್ನು ವಾರಕ್ಕೊಮ್ಮೆ ತಿರುಗಿಸಿಡುತ್ತಿದ್ದವರು ಅವರೇ. ಆದರೆ ಹೆತ್ತವಳು ಕೂಗದೆ ಹುಡುಕುವುದು ಹೇಗೆ?

"ಒದ್ದೆ ಸೆರಗು ಮೂಗಿಗೊತ್ಕಂಡು ಉಸಿರು ಹಿಡೀರಿ. ಬಾಗಿದ್ದು ಎರಡು ಡಿಗ್ರಿ ಒಳಗಾದ್ರೆ ಬರೀ ಗಾಳಿ. ದಾಟುದ್ರೆ ನಿಮ್ ಮಗಳು ಉಸಿರಾಡ್ತಾವ್ಳೆ."

ಪಂಕಜಾಕ್ಷಿ ಉಸಿರು ಬಿಗಿಹಿಡಿದು ನಿಂತರು; ಕೇತಮ್ಮನೂ ಒದ್ದೆ ಬಟ್ಟೆಯನ್ನು ಮೂಗಿಗೊತ್ತಿ ಉಸಿರು ಹಿಡಿದಳು. ಮೊದಲು ಕಾಲ ಬಳಿಯ ಜರಿಗಿಡ ಅವರಿಂದ ಮುಖ ತಿರುಗಿಸಿತು. ಅದರಾಚೆಯದು ಅದನ್ನೇ ಹಿಂಬಾಲಿಸಿತು. ಆಮೇಲೆ ಆಳೆತ್ತರದ ಹುಲ್ಲು, ಬಿದಿರ ಮೆಳೆ, ಕೊನೆಗೆ ಹೆಮ್ಮರಗಳ ನೆತ್ತಿ. ಇಡೀ ಇಳಿಜಾರು ಸದ್ದೇ ಇಲ್ಲದೆ ಪೂರ್ವದ ಕಮರಿಯತ್ತ ಬಾಗುತ್ತ ಹೋಯಿತು. ಎದೆ ಬಿರಿಯುವಂತಾದರೂ ಅವರು ಸೆರಗು ತೆಗೆಯಲಿಲ್ಲ. ಇಷ್ಟು ದೊಡ್ಡ ಕಾಡು ಅವರ ಮಗಳೊಬ್ಬಳ ಉಸಿರಿಗೆ ಕಿವಿಗೊಟ್ಟಿತ್ತು.

ಕೇತಮ್ಮ ಮಾಪಕವನ್ನು ಕಾಂಡಕ್ಕೆ ಹಿಡಿದು, ಎರಡೆರಡು ಸಲ ನೋಡಿ, ಗಟ್ಟಿಯಾಗಿ ಓದಿದಳು: ಆರೂಕಾಲು ಡಿಗ್ರಿ.