ಕಂಡಷ್ಟಕ್ಕೆ ಗೆರೆ

ಅಕ್ಕ ಸುಳ್ಳು ಗೆರೆ ಎಳೆದಿದ್ದಾಳೆಂದು ತಂಗಿಗೆ ಗೊತ್ತಾದದ್ದು, ಅಕ್ಕ ಕೈ ತೊಳೆಯಲು ಎದ್ದುಹೋಗಿದ್ದಾಗ.

ಪರದೆಯ ಮೇಲೆ ಅಮ್ಮನ ಲಿವರ್ ಇತ್ತು. ಚಿತ್ರದಲ್ಲಿ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಹಿಂದೊಮ್ಮೆ ಬಿದ್ದು ಮುರಿದು ಸೊಟ್ಟಗೆ ಕೂಡಿಕೊಂಡ ಆ ಪಕ್ಕೆಲುಬನ್ನು ಹೆಣ್ಣುಮಕ್ಕಳಿಬ್ಬರೂ ಎಲ್ಲಿದ್ದರೂ ಗುರುತಿಸುತ್ತಾರೆ.

ಸ್ಕ್ಯಾನ್ ಕೇಂದ್ರದ ಹಿಂದಿನ ಕೋಣೆಯಲ್ಲಿ ಅವರಿಬ್ಬರ ಕೆಲಸ. ಯಂತ್ರವು ಮೈಯನ್ನು ಸೌತೆಕಾಯಿ ಬಿಲ್ಲೆಗಳ ಹಾಗೆ ತೆಳ್ಳಗೆ ಹೋಳು ಮಾಡಿ ತೋರಿಸುತ್ತದೆ. ಒಂದೊಂದು ಹೋಳಿನಲ್ಲೂ ಗೆಡ್ಡೆಯನ್ನು ಪರದೆ ತುಂಬುವಷ್ಟು ಹಿಗ್ಗಿಸಿ, ಅದರ ಅಂಚಿನ ಗುಂಟ ಗೆರೆ ಎಳೆಯಬೇಕು. ಗೆರೆಗಳೊಳಗಿನ ಜಾಗವನ್ನೆಲ್ಲ ಕಂಪ್ಯೂಟರ್ ಕೂಡಿಸಿ ಗೆಡ್ಡೆಯ ಗಾತ್ರ ಹೇಳುತ್ತದೆ. ಅಕ್ಕ ಈ ಕೋಣೆಯ ಹಳೆಯ ಕೈ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ತಂಗಿಗೆ ಕೆಲಸ ಕಲಿಸಿದವಳೂ ಅವಳೇ. ಅವಳ ಗೆರೆಯನ್ನು ಡಾಕ್ಟರು ಮರುಮಾತಿಲ್ಲದೆ ಒಪ್ಪುತ್ತಿದ್ದರು.

ಔಷಧಿಗೆ ಗೆಡ್ಡೆ ಕರಗಿದರೆ ಆಪರೇಷನ್ ಬೇಡ ಎಂದಿದ್ದರು ಡಾಕ್ಟರು. ಕರಗದಿದ್ದರೆ ಕೂಡಲೇ ತೆಗೆಯಬೇಕು. ತಡವಾದರೆ ತೆಗೆಯುವ ಹಾಗೂ ಇರುವುದಿಲ್ಲ.

ಅಮ್ಮನಿಗೆ ಆಪರೇಷನ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ನನ್ನ ಮೈಮೇಲೆ ಕತ್ತಿ ಆಡದ ಹಾಗೆ ನೋಡಿಕೋ ಎಂದು ಅಕ್ಕನ ಕೈ ಹಿಡಿದು ಅತ್ತಿದ್ದಳು.

"ನೋಡ್ಕೊಳ್ತೀನಮ್ಮ," ಎಂದಿದ್ದಳು ಅಕ್ಕ. "ನೋಡೋದೇ ತಾನೆ ನನ್ನ ಕೆಲಸ?"

ಅಕ್ಕನ ಗೆರೆಯ ಪ್ರಕಾರ ಗೆಡ್ಡೆ ಅರ್ಧಕ್ಕರ್ಧ ಕರಗಿತ್ತು. ತಂಗಿ ಆ ಗೆರೆಯನ್ನು ಮರೆಮಾಡಿ, ತಾನೇ ಒಂದೆರಡು ಹೋಳುಗಳಿಗೆ ಗೆರೆ ಎಳೆದು ನೋಡಿದಳು. ಗೆಡ್ಡೆ ಇದ್ದ ಹಾಗೇ ಇತ್ತು. ಅಳಿಸಿ ಮತ್ತೆ ಎಳೆದಳು. ಈ ಸಲವೂ ಗೆಡ್ಡೆ ಕದಲಲಿಲ್ಲ.

ಅಕ್ಕ ಒಳಗೆ ಬರುತ್ತ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳು. ಈ ಬಾಗಿಲಿಗೂ ನನಗೂ ಯಾವ ಜನ್ಮದ ವೈರವೋ ಎಂದು ಗೊಣಗಿ ಕುಳಿತಳು. ಅಕ್ಕನಿಗೆಂದು ತಂಗಿ ಇಬ್ಬರ ನಡುವೆ ಇಟ್ಟಿದ್ದ ಚಹಾ ಹಾಗೇ ಆರಿ ಕೆನೆಗಟ್ಟಿತ್ತು. ಅವಳ ಊಟದ ಡಬ್ಬಿಯಲ್ಲಿ ಅರ್ಧ ಅನ್ನ ಉಳಿದಿತ್ತು, ನಡುವೆ ದಾರ ಹಿಡಿದು ಪಾಲು ಮಾಡಿದ ಹಾಗೆ. ತಪ್ಪು ಮಾಡಿದವರಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದುಕೊಂಡಳು ತಂಗಿ.

ಈಚೆಗೆ ಅಕ್ಕ ಅವಳ ಮುಖವನ್ನೂ ನೋಡುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರೇ ವಾಸಿ. ಇವಳು ಪಕ್ಕದಲ್ಲೇ ಕೂತ ತಂಗಿಯನ್ನು ಬಿಟ್ಟು ಎದುರಿನ ಗೋಡೆಯ ಜೊತೆ ಮಾತಾಡುತ್ತಿದ್ದಳು.

"ಇದೀಯೇನೇ, ಮೌನಗೌರಿ?" ಈಗಲೂ ಗೋಡೆಗೇ ಹೇಳಿದಳು. "ಉಸಿರಾದ್ರೂ ಬಿಡು, ಇದೀಯ ಅಂತ ಗೊತ್ತಾಗ್ಲಿ."

ತಂಗಿ ಕೇಳಿಯೇಬಿಟ್ಟಳು. "ಅಕ್ಕ, ಅಮ್ಮನ ಗೆಡ್ಡೆ ನಿಜವಾಗ್ಲೂ ಕರಗಿದ್ಯಾ?"

"ಕಂಡಷ್ಟಕ್ಕೆ ಗೆರೆ ಎಳ್ದಿದೀನಿ. ಕಾಣದ್ದಕ್ಕೆ ಹೇಗೇ ಎಳೀಲಿ?"

ಆ ದನಿಯಲ್ಲಿ ಅಳುಕಿರಲಿಲ್ಲ. ತಂಗಿಗೆ ಇನ್ನಷ್ಟು ಹೆದರಿಕೆಯಾದದ್ದು ಅದಕ್ಕೇ. ಹೇಳಿದರೆ ಅಕ್ಕನ ಕೆಲಸ ಹೋಗುತ್ತದೆ, ಅಮ್ಮನನ್ನು ಕತ್ತಿಗೆ ಒಡ್ಡಿದವಳು ತಾನಾಗುತ್ತಾಳೆ. ಹೇಳದಿದ್ದರೆ ಅಮ್ಮನೇ ಉಳಿಯುವುದಿಲ್ಲ. ಕಾಲು ಡಾಕ್ಟರ ಕೋಣೆಯ ಕಡೆಗೆ ನಡೆಯಿತು. ಅಲ್ಲಿ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಡಾಕ್ಟರು ಅಕ್ಕನನ್ನು ಕರೆಸಿದರು.

ಎರಡೂ ಗೆರೆಗಳನ್ನು ಅವರು ಒಂದರ ಮೇಲೊಂದು ಇಟ್ಟರು. ಅಕ್ಕನ ಮುಖ ಬಿಳಿಚಿಕೊಂಡಿತು. ತಂಗಿಯನ್ನು ಹುಡುಕಿ ಮುಖವನ್ನು ಇಡಿಯಾಗಿ ತಿರುಗಿಸಿ, ಅಮ್ಮನ ಆಣೆಗೂ ತಾನು ಮೋಸ ಮಾಡಿಲ್ಲ ಎಂದಳು. ತಂಗಿ ತಲೆ ತಗ್ಗಿಸಿದಳು.

ಡಾಕ್ಟರು ಬೇರೆ ರೋಗಿಗಳ ಚಿತ್ರಗಳನ್ನು ತೆರೆದರು. ಈಚಿನ ದಿನಗಳಲ್ಲಿ ಅಕ್ಕ ಗೆರೆ ಎಳೆದವೆಲ್ಲ ಅವು. ಎಲ್ಲರ ಗೆಡ್ಡೆಗಳೂ ಕರಗಿದ್ದವು, ಎಲ್ಲವೂ ಅರ್ಧಕ್ಕರ್ಧ. ಅಮ್ಮನಿಗಾಗಿ ಮಾಡಿದಳು ಎನ್ನೋಣ. ಗುರುತು ಪರಿಚಯ ಇಲ್ಲದವರ ಗೆಡ್ಡೆಯನ್ನು ಅಕ್ಕ ಯಾಕೆ ಕರಗಿಸಿಯಾಳು?

ಡಾಕ್ಟರು ಆ ಚಿತ್ರಗಳನ್ನು ಮುಚ್ಚಿದರು. ಆಮೇಲೆ ಅಮ್ಮನ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಬಲಕ್ಕಿದ್ದದ್ದು ಎಡಕ್ಕೆ ಬರುವಂತೆ ತಿರುಗಿಸಿ, ಇನ್ನೊಮ್ಮೆ ಎಳೆಯಿರಿ ಎಂದರು.

ಅಕ್ಕ ಎಳೆದಳು. ಮೊದಲು ಬಿಟ್ಟಿದ್ದ ಭಾಗಕ್ಕೆಲ್ಲ ಈಗ ಚೊಕ್ಕವಾಗಿ ಗೆರೆ ಬಿತ್ತು. ಮೊದಲು ಎಳೆದಿದ್ದ ಭಾಗ ಪೂರ್ತಿ ಬಿಟ್ಟುಹೋಯಿತು.

"ಆಯ್ತು ಸರ್," ಎಂದು ಮೌಸ್ ಬಿಟ್ಟಳು. "ಇಷ್ಟೇ ಇರೋದು."

ಡಾಕ್ಟರು ತಂಗಿಯ ಕಡೆ ತಿರುಗಿದರು. ಅವರ ದನಿ ತೀರಾ ಮೆತ್ತಗಿತ್ತು. "ನೀನು ದಿನಾ ಅಕ್ಕನ ಯಾವ ಪಕ್ಕ ಕೂತ್ಕೊಳ್ತೀಯಮ್ಮ?"

"ಎಡಗಡೆ," ಎಂದಳು ತಂಗಿ.

ಚಹಾ ಇಟ್ಟಿದ್ದದ್ದೂ ಎಡಗಡೆಗೇ.

ಡಾಕ್ಟರು ಫೋನ್ ಎತ್ತಿ, ಇವರಿಗೆ ಎಡಗಡೆಯದೇನೂ ಗಮನಕ್ಕೆ ಬರುತ್ತಿಲ್ಲ ಎಂದು ಸ್ಕ್ಯಾನ್ ಕೋಣೆಗೆ ಹೇಳಿದರು. ಅಕ್ಕ ಏಳುವಾಗ ತಂಗಿ ಎಡಗಡೆಯಿಂದ ಕೈ ಹಿಡಿದಳು. ಅಕ್ಕ ಬೆಚ್ಚಿಬಿದ್ದಳು, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ.

ಅಮ್ಮನ ಆಪರೇಷನ್ನಿಗೆ ದಿನ ಗೊತ್ತಾಯಿತು. ಹಿಂದಿನ ಕೋಣೆಯಲ್ಲಿ ಗೆರೆ ಎಳೆಯಬಲ್ಲವಳು ಈಗ ತಂಗಿ ಒಬ್ಬಳೇ.

ಆ ಸಂಜೆ ಅವಳು ಗೆರೆ ಎಳೆದದ್ದು, ಅಕ್ಕನ ತಲೆಯೊಳಗಿನ ಗೆಡ್ಡೆಗೆ.